ಅಯಾನಿಕ್ ದ್ರವ ಹಾಕಿ ಲಿಥಿಯಂ ಸೆಲ್ ಕಟ್ಟುವುದು ಹೇಗೆ: ಉಪ್ಪು ಒಣಗಿಸುವುದರಿಂದ ಚಾರ್ಜ್-ಡಿಸ್ಚಾರ್ಜ್ ಸೈಕಲ್ ಓಡಿಸುವವರೆಗೆ

ಅಯಾನಿಕ್ ದ್ರವವನ್ನು, ಅಂದರೆ ಕಡಿಮೆ ಬಿಸಿಗೇ ಕರಗಿ ದ್ರವವಾಗುವ ಉಪ್ಪನ್ನು, ಮೊದಲ ಸಲ ಕೈಗೆ ತಗೊಂಡವರು ಸಾಮಾನ್ಯವಾಗಿ ಒಂದೇ ಕೆಲಸ ಮಾಡುತ್ತಾರೆ. ಮಾಮೂಲಿ ಕಾರ್ಬೊನೇಟ್ ಎಲೆಕ್ಟ್ರೊಲೈಟ್ (ಸೆಲ್ ಒಳಗೆ ಅಯಾನುಗಳನ್ನು ಸಾಗಿಸುವ ದ್ರವ) ಹಾಕುತ್ತಿದ್ದ ಜಾಗದಲ್ಲಿ ಇದನ್ನು ಹಾಕುತ್ತಾರೆ. ಅದೇ ಸೆಪರೇಟರ್ (ಎರಡು ಎಲೆಕ್ಟ್ರೋಡುಗಳ ನಡುವಿನ ಹಾಳೆ), ಅದೇ ಕರೆಂಟ್, ಅದೇ 25 ಡಿಗ್ರಿ. ಸೆಲ್ ಓಡುವುದಿಲ್ಲ. ಬಾಟಲಿ ಕಪಾಟು ಸೇರುತ್ತದೆ, ದುಬಾರಿ ದ್ರವಕ್ಕೆ ಕೆಟ್ಟ ಹೆಸರು ಬರುತ್ತದೆ.

ದ್ರವದ್ದು ತಪ್ಪಲ್ಲ. ಇದು ದಪ್ಪ ದ್ರವ. ಇದಕ್ಕೆ ತಕ್ಕ ಸೆಪರೇಟರ್ ಬೇಕು, ಬಿಸಿ ಬೇಕು, ಸಮಯ ಬೇಕು. ಅದರಲ್ಲಿ ಕರಗಿಸುವ ಲಿಥಿಯಂ ಉಪ್ಪು ಮಾತ್ರ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ ಬೇಕು. ಎಂಎಸ್ಸಿ ಪ್ರಾಜೆಕ್ಟ್ ಅಥವಾ ಪಿಎಚ್‌ಡಿ ಶುರು ಮಾಡಿದವರು ಗ್ಲೋವ್ ಬಾಕ್ಸ್ (ಆರ್ಗಾನ್ ತುಂಬಿದ ಮುಚ್ಚಿದ ಪೆಟ್ಟಿಗೆ) ಪಕ್ಕ ಇಟ್ಟುಕೊಂಡು ನೋಡಲು ಅನುಕೂಲವಾಗಲಿ ಅಂತ ಒಂದೇ ಒಂದು ಸೆಲ್ ಆರಿಸಿ ಕೊನೆಯವರೆಗೆ ಹೇಳುತ್ತೇನೆ. ಒಂದು ಕಡೆ ಲಿಥಿಯಂ ಲೋಹ, ಇನ್ನೊಂದು ಕಡೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ನಡುವೆ ಅಯಾನಿಕ್ ದ್ರವ. ಇದು ಬಂದರೆ ಉಳಿದದ್ದಕ್ಕೆ ಕೈ ಹಾಕಬಹುದು.

ಯಾವ ದ್ರವ ಆರಿಸಬೇಕು

ಅಯಾನಿಕ್ ದ್ರವ ಅಂದರೆ 100 °ಸೆ. ಒಳಗೇ ಕರಗುವ ಉಪ್ಪು. ಅಡುಗೆ ಉಪ್ಪು ಕರಗಲು 801 ಡಿಗ್ರಿ ಬೇಕು. ಈಥೈಲ್ ಅಮೋನಿಯಂ ನೈಟ್ರೇಟ್ ಎಂಬ ಉಪ್ಪು ಸುಮಾರು 12 ಡಿಗ್ರಿಗೇ ನೀರಾಗುತ್ತದೆ ಎಂದು ಪೌಲ್ ವಾಲ್ಡೆನ್ 1914ರಲ್ಲೇ ಬರೆದಿದ್ದರು. ಗಾಳಿ, ನೀರು ತಾಗಿದರೂ ಕೆಡದ ಇಮಿಡಜೋಲಿಯಂ ದ್ರವಗಳನ್ನು ವಿಲ್ಕ್ಸ್ ಮತ್ತು ಜವೊರೊಟ್ಕೊ 1992ರಲ್ಲಿ ತೋರಿಸಿದರು. ಆಮೇಲೆ ಬ್ಯಾಟರಿಯವರ ಕಣ್ಣು ಇದರ ಮೇಲೆ ಸರಿಯಾಗಿ ಬಿತ್ತು.

ಆಸೆಗೆ ಕಾರಣ ಸುಲಭ. ಮಾಮೂಲಿ ಎಲೆಕ್ಟ್ರೊಲೈಟಿನಲ್ಲಿರುವ ಡೈಮೀಥೈಲ್ ಕಾರ್ಬೊನೇಟಿನ ಆವಿಗೆ 18 ಡಿಗ್ರಿ ಆಸುಪಾಸಿನಲ್ಲೇ ಕಿಡಿ ತಾಗಿದರೆ ಬೆಂಕಿ ಹತ್ತುತ್ತದೆ. ಅಯಾನಿಕ್ ದ್ರವಕ್ಕೆ ಆವಿಯೇ ಇಲ್ಲ ಅನ್ನಬಹುದು. ಹಾಗಂತ ಇದು ಎಂದೂ ಉರಿಯುವುದಿಲ್ಲ ಅಂತ ಬರೆಯಬೇಡಿ. ತುಂಬಾ ಕಾಯಿಸಿದರೆ ಒಡೆಯುತ್ತದೆ, ಒಡೆದು ಬಂದ ಅನಿಲಕ್ಕೆ ಬೆಂಕಿ ಹತ್ತಬಹುದು.

ಧನ ಅಯಾನಿನಲ್ಲಿ ಎರಡು ಪಂಗಡ ಗೊತ್ತಿದ್ದರೆ ಸದ್ಯಕ್ಕೆ ಸಾಕು. ಇಎಂಐಎಂ, ಅಂದರೆ ಈಥೈಲ್ ಮೀಥೈಲ್ ಇಮಿಡಜೋಲಿಯಂ, ತೆಳ್ಳಗಿರುತ್ತದೆ, ಚೆನ್ನಾಗಿ ಹರಿಯುತ್ತದೆ. ಆದರೆ ಲಿಥಿಯಂ ಲೋಹದ ವೋಲ್ಟೇಜಿಗೆ ಇಳಿಯುವ ಮೊದಲೇ ಒಡೆಯಲು ಶುರು ಮಾಡುತ್ತದೆ. ಪೈರೊಲಿಡಿನಿಯಂ (ಚಿಕ್ಕದಾಗಿ ಪೈರ್) ಸ್ವಲ್ಪ ದಪ್ಪ, ಆದರೆ ತಡೆದುಕೊಳ್ಳುತ್ತದೆ. ಲಿಥಿಯಂ ಲೋಹ ಇದ್ದರೆ ಇದೇ ಸರಿ.

ಋಣ ಅಯಾನಿನಲ್ಲಿ ಟಿಎಫ್‌ಎಸ್‌ಐ, ಅಂದರೆ ಬಿಸ್(ಟ್ರೈಫ್ಲೋರೊಮೀಥೇನ್ ಸಲ್ಫೊನೈಲ್)ಇಮೈಡ್, ಬಿಸಿಗೆ ಗಟ್ಟಿ. ಎಫ್‌ಎಸ್‌ಐ, ಅಂದರೆ ಬಿಸ್(ಫ್ಲೋರೊಸಲ್ಫೊನೈಲ್)ಇಮೈಡ್, ಬಿಸಿಗೆ ಅಷ್ಟು ಗಟ್ಟಿಯಲ್ಲ, ಆದರೆ ತೆಳ್ಳಗಿದೆ, ಲಿಥಿಯಂ ಮೇಲೆ ಒಳ್ಳೆಯ ಕಾಪು ಪದರ ಕಟ್ಟುತ್ತದೆ. ಹಳೆಯ ಪ್ರಬಂಧಗಳಲ್ಲಿ ಬರುವ ಬಿಎಫ್4, ಪಿಎಫ್6 ದ್ರವಗಳನ್ನು ಬಿಟ್ಟುಬಿಡಿ. ನೀರು ಸೇರಿದರೆ ಅವು ಹೈಡ್ರೊಫ್ಲೋರಿಕ್ ಆಮ್ಲ ಕೊಡುತ್ತವೆ.

ದಪ್ಪ ಎಷ್ಟು ಅಂತ ಅಂದಾಜು ಇರಲಿ. 25 ಡಿಗ್ರಿಯಲ್ಲಿ ಕಾರ್ಬೊನೇಟ್ ಎಲೆಕ್ಟ್ರೊಲೈಟಿನ ಸ್ನಿಗ್ಧತೆ 3–4 ಮಿಲಿಪಾಸ್ಕಲ್-ಸೆಕೆಂಡ್. ಇಎಂಐಎಂ-ಎಫ್‌ಎಸ್‌ಐ ಸುಮಾರು 17, ಪೈರ್13-ಎಫ್‌ಎಸ್‌ಐ ಸುಮಾರು 40. ಪೈರ್14-ಟಿಎಫ್‌ಎಸ್‌ಐ 75ರ ಮೇಲೆ, ಅಂದರೆ ಹೆಚ್ಚುಕಡಿಮೆ ಕಡಲೆಕಾಯಿ ಎಣ್ಣೆಯಷ್ಟು. ಇದೆಲ್ಲ ಉಪ್ಪು ಹಾಕುವ ಮೊದಲು. ಹಾಕಿದ ಮೇಲೆ ಇನ್ನೂ ದಪ್ಪ.

ನಮ್ಮ ಆಯ್ಕೆ ಪೈರ್13-ಎಫ್‌ಎಸ್‌ಐ. ಪೂರ್ತಿ ಹೆಸರು ಎನ್-ಮೀಥೈಲ್-ಎನ್-ಪ್ರೊಪೈಲ್ ಪೈರೊಲಿಡಿನಿಯಂ ಬಿಸ್(ಫ್ಲೋರೊಸಲ್ಫೊನೈಲ್)ಇಮೈಡ್. ಬಾಟಲಿ ಬಂದಾಗ ಮೊದಲು ಬಣ್ಣ ನೋಡಿ. ನೀರಿನ ಹಾಗೆ ತಿಳಿಯಾಗಿರಬೇಕು. ಹಳದಿ ಛಾಯೆ ಇದ್ದರೆ ಕಲ್ಮಶ ಇದೆ.

ಟಿಎಫ್‌ಎಸ್‌ಐ ದ್ರವವಾದರೆ ಲ್ಯಾಬಿನಲ್ಲೇ ಮಾಡಿಕೊಳ್ಳಬಹುದು. ಪೈರೊಲಿಡಿನಿಯಂ ಬ್ರೊಮೈಡ್ ಮತ್ತು ಲಿಥಿಯಂ ಟಿಎಫ್‌ಎಸ್‌ಐಯನ್ನು ಬೇರೆ ಬೇರೆ ನೀರಿನಲ್ಲಿ ಕರಗಿಸಿ ಒಟ್ಟಿಗೆ ಸುರಿದು ಕಲಕಿ. ನೋಡ ನೋಡುತ್ತಾ ಮೋಡ ಕವಿಯುತ್ತದೆ, ಆಮೇಲೆ ಎರಡು ಪದರ ಆಗುತ್ತದೆ. ಕೆಳಗಿನ ಭಾರದ ಪದರವೇ ನಿಮ್ಮ ದ್ರವ. ಲಿಥಿಯಂ ಬ್ರೊಮೈಡ್ ಮೇಲಿನ ನೀರಿನಲ್ಲಿ ಉಳಿಯುತ್ತದೆ. ಸೆಪರೇಟಿಂಗ್ ಫನೆಲ್‌ನಲ್ಲಿ ಕೆಳಗಿನದನ್ನು ಇಳಿಸಿಕೊಂಡು ಶುದ್ಧ ನೀರಿನಿಂದ ತೊಳೆಯುತ್ತಾ ಹೋಗಿ. ಪ್ರತಿ ಸಲ ತೊಳೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ. ಮಸುಕಾದರೆ ಬ್ರೊಮೈಡ್ ಇನ್ನೂ ಇದೆ. ತಿಳಿಯಾಗಿ ಉಳಿಯುವವರೆಗೆ ತೊಳೆಯಬೇಕು. ಬೇಸರ ಪಟ್ಟು ಮಧ್ಯೆ ಬಿಟ್ಟರೆ ಆ ಹ್ಯಾಲೈಡ್ (ಇಲ್ಲಿ ಬ್ರೊಮೈಡ್) ಮುಂದೆ ಅಲ್ಯುಮಿನಿಯಂ ಹಾಳೆಯನ್ನು ತಿನ್ನುತ್ತದೆ.

ನೀರು ತೆಗೆಯುವುದು

ಆವಿಯಾಗದ ದ್ರವ ಒಣಗಿಸುವುದು ಒಂದು ರೀತಿಯಲ್ಲಿ ಸುಲಭ. ನೀರು ಮಾತ್ರ ಹೋಗುತ್ತದೆ, ದ್ರವ ಉಳಿಯುತ್ತದೆ. ಆದರೆ ದಪ್ಪ ಇರುವುದರಿಂದ ಒಳಗಿನ ನೀರು ಮೇಲೆ ಬರಲು ಹೊತ್ತು ಹಿಡಿಯುತ್ತದೆ.

ದುಂಡು ತಳದ ಫ್ಲಾಸ್ಕಿಗೆ ತೆಳ್ಳನೆಯ ಪದರವಾಗುವಷ್ಟೇ ಹಾಕಿ. ಮ್ಯಾಗ್ನೆಟಿಕ್ ಸ್ಟರರ್ ಓಡುತ್ತಿರಲಿ. 60 ಡಿಗ್ರಿಯಲ್ಲಿ, ಒಳ್ಳೆಯ ವ್ಯಾಕ್ಯೂಮ್ ಪಂಪಿನ ಕೆಳಗೆ, 24ರಿಂದ 48 ಗಂಟೆ. ಪಂಪಿಗೂ ಫ್ಲಾಸ್ಕಿಗೂ ನಡುವೆ ಕೋಲ್ಡ್ ಟ್ರ್ಯಾಪ್ ಇರಲಿ. ಬೇಗ ಆಗಲಿ ಅಂತ ಎಫ್‌ಎಸ್‌ಐ ದ್ರವವನ್ನು 80 ದಾಟಿಸಬೇಡಿ. ಟಿಎಫ್‌ಎಸ್‌ಐ ಆದರೆ 100 ಡಿಗ್ರಿಗೂ ಏರಿಸಬಹುದು. ಉಪ್ಪನ್ನೂ ಬೇರೆಯಾಗಿ ಒಣಗಿಸಿ. ಲಿಥಿಯಂ ಟಿಎಫ್‌ಎಸ್‌ಐ 120 ಡಿಗ್ರಿ ತಡೆಯುತ್ತದೆ, ಲಿಥಿಯಂ ಎಫ್‌ಎಸ್‌ಐಗೆ 60 ಸಾಕು.

ವ್ಯಾಕ್ಯೂಮ್ ಬಿಡಿಸುವಾಗ ಫ್ಲಾಸ್ಕಿಗೆ ಹೊರಗಿನ ಗಾಳಿ ಬಿಡಬೇಡಿ. ಆರ್ಗಾನ್ ತುಂಬಿಸಿ ನೇರ ಗ್ಲೋವ್ ಬಾಕ್ಸಿಗೆ ಒಯ್ಯಿರಿ. ಕರಾವಳಿಯ ಮಳೆಗಾಲದಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನೊಂದಿಗೆ ಬೆರೆಯದ ದ್ರವಗಳೂ ಗಾಳಿಯಿಂದ ತೇವ ಎಳೆದುಕೊಳ್ಳುತ್ತವೆ, ಅದನ್ನು ಮರೆಯುವವರೇ ಜಾಸ್ತಿ.

ಒಣಗಿತೇ ಇಲ್ಲವೇ ಅಂತ ಕಣ್ಣಿನಲ್ಲಿ ಗೊತ್ತಾಗುವುದಿಲ್ಲ. ಕಾರ್ಲ್ ಫಿಷರ್ ಯಂತ್ರದಲ್ಲಿ ನೀರಿನ ಅಂಶ ಅಳೆಯಿರಿ. 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ) ಒಳಗೆ ಬಂದರೆ ಮುಂದುವರಿಯಿರಿ.

ಉಪ್ಪು ಎಷ್ಟು? ಎಲ್ಲರೂ ಎಡವುವ ಜಾಗ

ಕಾರ್ಬೊನೇಟಿನಲ್ಲಿ ಲೀಟರಿಗೆ 1 ಮೋಲ್ ಉಪ್ಪು ಹಾಕಿ ಅಭ್ಯಾಸ. ಅಲ್ಲಿ ಅದು ಸರಿ. ಅದಕ್ಕಿಂತ ಹೆಚ್ಚಾದರೆ ದ್ರವ ದಪ್ಪವಾಗಿ ವಾಹಕತೆ ಇಳಿಯುತ್ತದೆ. ಅಯಾನಿಕ್ ದ್ರವದಲ್ಲೂ ಉಪ್ಪು ಹಾಕಿದಷ್ಟೂ ವಾಹಕತೆ ಇಳಿಯುತ್ತದೆ. ಹಾಗಾಗಿ ಎಲ್ಲರೂ ಕಡಿಮೆ ಉಪ್ಪು ಹಾಕುತ್ತಾರೆ. ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಅಲ್ವಾ?

ಆದರೆ ಆ ವಾಹಕತೆ ಯಾರದ್ದು? ಅಯಾನಿಕ್ ದ್ರವದಲ್ಲಿ ಎಲ್ಲವೂ ಅಯಾನುಗಳೇ. ಪೈರೊಲಿಡಿನಿಯಂ ಓಡುತ್ತದೆ, ಎಫ್‌ಎಸ್‌ಐ ಓಡುತ್ತದೆ. ಮೀಟರ್ ಇವುಗಳ ಓಟವನ್ನೂ ಸೇರಿಸಿ ತೋರಿಸುತ್ತದೆ. ಎಲೆಕ್ಟ್ರೋಡಿಗೆ ಬೇಕಾದದ್ದು ಲಿಥಿಯಂ ಮಾತ್ರ. ಉಳಿದವು ಹೋಗಿ ಎಲೆಕ್ಟ್ರೋಡಿನ ಬಾಗಿಲಲ್ಲಿ ಸುಮ್ನೆ ಗುಂಪು ಕಟ್ಟುತ್ತವೆ.

ಉಪ್ಪು ಕಡಿಮೆ ಇದ್ದಾಗ ಲಿಥಿಯಂನದ್ದು ಇನ್ನೂ ಕಷ್ಟ. ಒಂದೊಂದು ಲಿಥಿಯಂ ಅಯಾನನ್ನು ಎರಡು ಮೂರು ಋಣ ಅಯಾನುಗಳು ಸುತ್ತುವರಿದಿರುತ್ತವೆ. ಲಿಥಿಯಂಗೆ ಒಂದು ಧನ, ಸುತ್ತ ಎರಡು ಋಣ. ಒಟ್ಟು ಗುಂಪಿಗೆ ಋಣ ಆವೇಶ. ವಿದ್ಯುತ್ ಕ್ಷೇತ್ರ ಹಾಕಿದಾಗ ಆ ಗುಂಪು ಲಿಥಿಯಂ ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿ ಎಳೆಯುತ್ತದೆ. ಮೀಟರಿನಲ್ಲಿ ವಾಹಕತೆ ಚೆನ್ನಾಗಿದೆ, ಸೆಲ್ ಮಾತ್ರ ಸತ್ತಂತಿದೆ. ಇದೇ ಕಾರಣ.

ಈಗ ಉಪ್ಪು ಏರಿಸುತ್ತಾ ಹೋಗಿ. ಒಂದು ಮೋಲ್ ದ್ರವಕ್ಕೆ ಒಂದು ಮೋಲ್ ಉಪ್ಪು ಬರುವ ಹೊತ್ತಿಗೆ ಪ್ರತಿ ಲಿಥಿಯಂಗೂ ಸ್ವಂತಕ್ಕೆ ಸುತ್ತಲು ಬೇಕಾದಷ್ಟು ಎಫ್‌ಎಸ್‌ಐ ಉಳಿದಿರುವುದಿಲ್ಲ. ಒಂದೇ ಎಫ್‌ಎಸ್‌ಐಯನ್ನು ಎರಡು ಮೂರು ಲಿಥಿಯಂ ಹಂಚಿಕೊಳ್ಳುತ್ತವೆ. ಆಗ ಲಿಥಿಯಂ ಇಡೀ ಗುಂಪನ್ನು ಎಳೆದುಕೊಂಡು ಹೋಗಬೇಕಿಲ್ಲ. ಒಬ್ಬ ನೆರೆಯವನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿದು ಜಿಗಿಯಬಹುದು. ದ್ರವ ದಪ್ಪ, ಒಟ್ಟು ವಾಹಕತೆ ಕಡಿಮೆ. ಆದರೂ ಕರೆಂಟಿನಲ್ಲಿ ಲಿಥಿಯಂ ಪಾಲು ಏರುತ್ತದೆ. ಜೊತೆಗೆ ಎಲೆಕ್ಟ್ರೋಡಿನ ಮೈಮೇಲೆ ಪೈರೊಲಿಡಿನಿಯಂ ಕಡಿಮೆಯಾಗಿ ಎಫ್‌ಎಸ್‌ಐ ಹೆಚ್ಚುತ್ತದೆ. ಕಾಪು ಪದರದಲ್ಲಿ ಲಿಥಿಯಂ ಫ್ಲೋರೈಡ್ ಹೆಚ್ಚುತ್ತದೆ. ಲಿಥಿಯಂ ಲೋಹಕ್ಕೆ ಅದೇ ಬೇಕು. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದಲ್ಲಿ ಮರಿಯಾ ಫೋರ್ಸಿತ್ ಅವರ ತಂಡ ಲಿಥಿಯಂ, ಸೋಡಿಯಂ ಎರಡರಲ್ಲೂ ಈ ದಾರಿಯನ್ನು ಗಟ್ಟಿಯಾಗಿ ಹಿಡಿದು ನಡೆದಿದೆ.

ನನ್ನ ಸಲಹೆ ಇಷ್ಟು. ಎರಡು ಬಾಟಲಿ ಮಾಡಿ, ಒಂದು ತೆಳು (ಉಪ್ಪು ಕಡಿಮೆ), ಒಂದು ಗಟ್ಟಿ (ಉಪ್ಪು ಜಾಸ್ತಿ). ಎರಡರಲ್ಲೂ ಒಂದೊಂದು ಸೆಲ್ ಕಟ್ಟಿ. ವ್ಯತ್ಯಾಸ ಕಣ್ಣಾರೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಲೆಕ್ಕ ಹೀಗೆ. ಪೈರ್13-ಎಫ್‌ಎಸ್‌ಐ ಅಣುತೂಕ 308.4, ಲಿಥಿಯಂ ಎಫ್‌ಎಸ್‌ಐದು 187.1. 5 ಗ್ರಾಂ ದ್ರವ ಅಂದರೆ 16.2 ಮಿಲಿಮೋಲ್. ಸಮ ಮೋಲ್ ಆಗಲು 16.2 ಮಿಲಿಮೋಲ್ ಉಪ್ಪು, ಅಂದರೆ 3.03 ಗ್ರಾಂ. ಕೆ.ಜಿ. ದ್ರವಕ್ಕೆ 3.2 ಮೋಲ್ ಅಂತ ಪ್ರಬಂಧಗಳಲ್ಲಿ ಕಾಣುವ ಸಂಖ್ಯೆ ಇದೇ. ತೆಳು ಬಾಟಲಿಗೆ ಕೆ.ಜಿ.ಗೆ 0.5 ಮೋಲ್ ಸಾಕು, 5 ಗ್ರಾಂ ದ್ರವಕ್ಕೆ 0.47 ಗ್ರಾಂ ಉಪ್ಪು. ಲೀಟರ್ ಲೆಕ್ಕ ಬೇಡ. ಇಷ್ಟು ಉಪ್ಪು ಹಾಕಿದಾಗ ಗಾತ್ರ ಬದಲಾಗುತ್ತದೆ. ತೂಕ ಮಾತ್ರ ನಂಬಿ.

ಬೆರೆಸುವುದು ಗ್ಲೋವ್ ಬಾಕ್ಸಿನೊಳಗೆ. ನೀರು, ಆಮ್ಲಜನಕ ಎರಡೂ 1 ಪಿಪಿಎಂ ಒಳಗೆ ಇರಲಿ. ತುಂಬಿರುವುದು ಆರ್ಗಾನೇ ಆಗಿರಬೇಕು, ಯಾಕೆಂದರೆ ಲಿಥಿಯಂ ಸಾರಜನಕದ ಜೊತೆಗೂ ಸೇರಿ ಕಪ್ಪಾಗುತ್ತದೆ. ಉಪ್ಪನ್ನು ಒಂದೇ ಸಲ ಸುರಿಯಬೇಡಿ, ಗಂಟು ಕಟ್ಟಿ ತಳ ಹಿಡಿಯುತ್ತದೆ. ನಾಲ್ಕೈದು ಸಲವಾಗಿ ಹಾಕಿ, 50 ಡಿಗ್ರಿಯಲ್ಲಿ ರಾತ್ರಿಯಿಡೀ ಕಲಕಲು ಬಿಡಿ. ಬೆಳಿಗ್ಗೆ ಬಾಟಲಿಯನ್ನು ಬೆಳಕಿಗೆ ಹಿಡಿದು ಓರೆ ಮಾಡಿ. ದ್ರವ ನಿಧಾನಕ್ಕೆ ಗೋಡೆ ಬಿಟ್ಟು ಇಳಿಯುತ್ತದೆ. ತಳದಲ್ಲಿ ಬಿಳಿ ಕಣ ಕಂಡರೆ ಇನ್ನೊಂದು ಹೊತ್ತು ಕಲಕಿ.

ಎಲೆಕ್ಟ್ರೋಡ್

ಇಲ್ಲಿ ಹೊಸದೇನಿಲ್ಲ. ತೂಕದಲ್ಲಿ ಎಲ್‌ಎಫ್‌ಪಿ 80 ಪಾಲು, ಕಾರ್ಬನ್ ಬ್ಲ್ಯಾಕ್ 10, ಅಂಟಾಗಿ ಪಿವಿಡಿಎಫ್ 10. ಎನ್‌ಎಂಪಿ ಎಂಬ ದ್ರಾವಕದಲ್ಲಿ ಸ್ಲರಿ ಮಾಡಿ ಅಲ್ಯುಮಿನಿಯಂ ಹಾಳೆಗೆ ಬಳಿದು, 12 ಮಿ.ಮೀ. ಬಿಲ್ಲೆ ಕತ್ತರಿಸಿ, 110 ಡಿಗ್ರಿಯಲ್ಲಿ ವ್ಯಾಕ್ಯೂಮಿನಲ್ಲಿ ಒಣಗಿಸಿ. ಎರಡು ಮಾತು ಮಾತ್ರ ನೆನಪಿರಲಿ. ಲೇಪ ತೆಳ್ಳಗಿರಲಿ, ಚದರ ಸೆಂ.ಮೀ.ಗೆ 2–3 ಮಿ.ಗ್ರಾಂ ಸಾಕು. ರೋಲರಿನಲ್ಲಿ ತುಂಬಾ ಒತ್ತಬೇಡಿ, ದಪ್ಪ ದ್ರವ ಒಳಗಿಳಿಯಲು ರಂಧ್ರ ಬೇಕು.

ಸೆಲ್ ಕಟ್ಟುವುದು

ಕಾಯಿನ್ ಸೆಲ್ (ನಾಣ್ಯದಾಕಾರದ ಸೆಲ್) ಮಾಡುವ ಸಿಆರ್2032 ಡಬ್ಬಿ ಸಾಕು. ಸೆಪರೇಟರ್ ಬಗ್ಗೆ ಮೊದಲು ಒಂದು ಪ್ರಯೋಗ ಮಾಡಿ. ಮಾಮೂಲಿ ಪಾಲಿಪ್ರೊಪಿಲೀನ್ ಸೆಪರೇಟರಿನ ಒಂದು ತುಂಡಿನ ಮೇಲೆ ಅಯಾನಿಕ್ ದ್ರವದ ಒಂದು ಹನಿ ಬಿಡಿ. ಪಕ್ಕದಲ್ಲಿ ಗಾಜಿನ ನಾರಿನ ಹಾಳೆಯ ಮೇಲೆ ಇನ್ನೊಂದು ಹನಿ. ಮೊದಲನೆಯದು ಮುತ್ತಿನಂತೆ ಮೇಲೇ ಕೂರುತ್ತದೆ. ಕಾದರೂ ತುಂಡು ಬಿಳಿಯಾಗಿಯೇ ಇರುತ್ತದೆ, ನೆನೆದು ಪಾರದರ್ಶಕ ಆಗುವುದಿಲ್ಲ. ಗಾಜಿನ ನಾರು ಹನಿಯನ್ನು ಹೀರಿಬಿಡುತ್ತದೆ. ಇದನ್ನು ನೋಡಿದ ಮೇಲೆ ಮೊದಲ ಪ್ಯಾರಾದ ಸೆಲ್ ಯಾಕೆ ಸತ್ತಿತ್ತು ಅಂತ ವಾದ ಬೇಕಾಗುವುದಿಲ್ಲ.

ವಾಟ್‌ಮನ್ ಜಿಎಫ್/ಎ ಹಾಳೆ ಬಳಸಿ. ದಪ್ಪ 260 ಮೈಕ್ರೊಮೀಟರ್. 16 ಮಿ.ಮೀ. ಬಿಲ್ಲೆ ಕತ್ತರಿಸಿದರೆ ಅದರ ಗಾತ್ರ ಸುಮಾರು 52 ಮೈಕ್ರೊಲೀಟರ್. ಬಹುಪಾಲು ಖಾಲಿ ಜಾಗವೇ, ಅದಿಷ್ಟೂ ತುಂಬಬೇಕು. ಎಲೆಕ್ಟ್ರೋಡಿನ ರಂಧ್ರಕ್ಕೂ ಬೇಕು, ಅಂಚಿಗೆ ಹರಿಯುವುದೂ ಇದೆ. 80ರಿಂದ 100 ಮೈಕ್ರೊಲೀಟರ್ ಹಾಕಿ.

ಅಳತೆಯಲ್ಲಿ ಒಂದು ಮೋಸ ಇದೆ. ಮಾಮೂಲಿ ಮೈಕ್ರೊಪಿಪೆಟ್ ಗಾಳಿಯ ಬಲದಲ್ಲಿ ಎಳೆಯುತ್ತದೆ. ದಪ್ಪ ದ್ರವ ಹಿಂದೆ ಬೀಳುತ್ತದೆ. 100 ಅಂತ ತಿರುಗಿಸಿದರೂ ಟಿಪ್ಪಿನಲ್ಲಿ ಅಷ್ಟು ಬಂದಿರುವುದಿಲ್ಲ, ಬಂದದ್ದೂ ಗೋಡೆಗೆ ಅಂಟಿ ಉಳಿಯುತ್ತದೆ. ನಿಧಾನಕ್ಕೆ ಎಳೆದು, ಟಿಪ್ಪನ್ನು ದ್ರವದಲ್ಲೇ ಕೆಲವು ಸೆಕೆಂಡ್ ಹಿಡಿದುಕೊಳ್ಳಿ. ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್ ಪಿಪೆಟ್ ಇದ್ದರೆ ಇನ್ನೂ ಒಳ್ಳೆಯದು. ಏನೂ ಇಲ್ಲದಿದ್ದರೆ ಡಬ್ಬಿಯನ್ನು ತಕ್ಕಡಿ ಮೇಲಿಟ್ಟು ತೂಕ ನೋಡಿಯೇ ಹಾಕಿ.

ಜೋಡಿಸುವ ಕ್ರಮ:

1. ದೊಡ್ಡ ಡಬ್ಬಿಯ ನಡುವೆ ಎಲ್‌ಎಫ್‌ಪಿ ಬಿಲ್ಲೆ, ಲೇಪ ಮೇಲ್ಮುಖವಾಗಿ.
2. ಅದರ ಮೇಲೆ 20 ಮೈಕ್ರೊಲೀಟರ್ ದ್ರವ. ಐದು ನಿಮಿಷ ಬಿಡಿ.
3. ಗಾಜಿನ ನಾರಿನ ಬಿಲ್ಲೆ. ಉಳಿದ ದ್ರವವನ್ನು ನಡುವಿನಿಂದ ಅಂಚಿನ ಕಡೆಗೆ ಹನಿಸಿ. ಇಡೀ ಬಿಲ್ಲೆ ಬಿಳಿಯಿಂದ ಬೂದು ಬಣ್ಣಕ್ಕೆ ತಿರುಗಬೇಕು. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಇದೆ.
4. ಗ್ಲೋವ್ ಬಾಕ್ಸಿನ ಚಿಕ್ಕ ಆಂಟಿಚೇಂಬರಿನಲ್ಲಿ (ಸಾಮಾನು ಒಳಗೆ ಹೊರಗೆ ಸಾಗಿಸುವ ಕೋಣೆಯಲ್ಲಿ) ಇಟ್ಟು ನಿಧಾನಕ್ಕೆ ವ್ಯಾಕ್ಯೂಮ್ ಎಳೆಯಿರಿ, ಗುಳ್ಳೆ ನಿಂತ ಮೇಲೆ ಆರ್ಗಾನ್ ಬಿಡಿ. ಕಾರ್ಬೊನೇಟಿಗೆ ಹೀಗೆ ಮಾಡಿದರೆ ದ್ರಾವಕವೇ ಹಾರಿಹೋಗುತ್ತದೆ. ಆವಿ ಇಲ್ಲದ ದ್ರವದ ಲಾಭವನ್ನು ಇಲ್ಲಿ ಪೂರ್ತಿ ಬಳಸಿಕೊಳ್ಳಿ.
5. ಮೇಲ್ಮೈ ಕೆರೆದು ಹೊಳಪು ಬಂದ ಲಿಥಿಯಂ ಬಿಲ್ಲೆ, ಸ್ಪೇಸರ್, ಸ್ಪ್ರಿಂಗ್, ಗ್ಯಾಸ್ಕೆಟ್ ಇರುವ ಮುಚ್ಚಳ. ಕ್ರಿಂಪರಿನಲ್ಲಿ ಒತ್ತಿ. ಸೋರಿದ ದ್ರವ ಒರೆಸಿ.

ನೆನೆಯಲು ಬಿಡಿ

ಕಟ್ಟಿದ ಕೂಡಲೇ ಸೈಕ್ಲರಿಗೆ (ಚಾರ್ಜ್-ಡಿಸ್ಚಾರ್ಜ್ ಮಾಡುವ ಯಂತ್ರಕ್ಕೆ) ಹಾಕುವ ಆತುರ ಬೇಡ. 50 ಡಿಗ್ರಿ ಅವನ್‌ನಲ್ಲಿ 24 ಗಂಟೆ ಇಡಿ. ಈ ನಡುವೆ ಇಂಪೀಡೆನ್ಸ್ (ಎಸಿ ಕರೆಂಟಿಗೆ ಸೆಲ್ ಒಡ್ಡುವ ರೋಧ) ಅಳೆಯಲು ಸಾಧ್ಯವಿದ್ದರೆ ಕೆಲವು ಗಂಟೆಗೊಮ್ಮೆ ಅಳೆಯಿರಿ. ದ್ರವ ರಂಧ್ರಕ್ಕಿಳಿದಂತೆ ರೋಧ ಇಳಿಯುತ್ತದೆ. ಆದರೆ ಲಿಥಿಯಂ ಮೇಲೆ ಪದರ ಬೆಳೆಯುವಾಗ ಇಂಪೀಡೆನ್ಸ್ ಗ್ರಾಫಿನ ಅರ್ಧವೃತ್ತ ಸ್ವಲ್ಪ ದೊಡ್ಡದಾಗಲೂಬಹುದು. ಎರಡು ಅಳತೆ ಒಂದರ ಮೇಲೊಂದು ಕೂತರೆ ಸೆಲ್ ಸಿದ್ಧ ಅಂತ ಲೆಕ್ಕ.

ಓಡಿಸುವುದು

ಕರೆಂಟ್ ಲೆಕ್ಕ ಹಾಕೋಣ. 12 ಮಿ.ಮೀ. ಬಿಲ್ಲೆಯ ವಿಸ್ತೀರ್ಣ 1.13 ಚದರ ಸೆಂ.ಮೀ. ಎಲ್‌ಎಫ್‌ಪಿ ಮಾತ್ರವೇ ಚದರ ಸೆಂ.ಮೀ.ಗೆ 3 ಮಿ.ಗ್ರಾಂ ಇದ್ದರೆ ಒಟ್ಟು 3.4 ಮಿ.ಗ್ರಾಂ. ಎಲ್‌ಎಫ್‌ಪಿಯ ಸೈದ್ಧಾಂತಿಕ ಸಾಮರ್ಥ್ಯ ಗ್ರಾಮಿಗೆ 170 ಮಿಲಿಆಂಪಿಯರ್-ಗಂಟೆ. ಅಂದರೆ ಸೆಲ್‌ನದ್ದು ಸುಮಾರು 0.58 ಮಿಲಿಆಂಪಿಯರ್-ಗಂಟೆ. ಇದನ್ನು 20 ಗಂಟೆಗೆ ಹಂಚಿದರೆ 29 ಮೈಕ್ರೊಆಂಪಿಯರ್. ಮೊದಲ ಎರಡು ಸೈಕಲ್ ಈ ಸಿ/20 ವೇಗದಲ್ಲೇ ಇರಲಿ, 2.5 ಮತ್ತು 3.8 ವೋಲ್ಟ್ ನಡುವೆ, 50 ಡಿಗ್ರಿಯಲ್ಲಿ. ಆಮೇಲೆ ಸಿ/10, ಸಿ/5, ಸಿ/2 ಅಂತ ಏರಿಸಿ. 3.4 ವೋಲ್ಟ್ ಬಳಿ ಚಪ್ಪಟೆ ಗೆರೆ, ನಿಧಾನ ವೇಗದಲ್ಲಿ ಗ್ರಾಮಿಗೆ 150ರ ಮೇಲೆ ಸಾಮರ್ಥ್ಯ ಬಂದರೆ ನಿಮ್ಮ ಕೆಲಸ ಸರಿಯಾಗಿದೆ. ಆಮೇಲೆ ಬೇಕಾದರೆ 25 ಡಿಗ್ರಿಗೆ ಇಳಿಸಿ ನೋಡಿ.

ಹೋಲಿಕೆಗೆ ಕಾರ್ಬೊನೇಟ್ ಸೆಲ್ ಕೂಡ ಕಟ್ಟಲೇಬೇಕು. ಅದೇ ಎಲೆಕ್ಟ್ರೋಡ್, ಅದೇ ಗಾಜಿನ ನಾರು, ಅದೇ ಉಷ್ಣತೆ. ಅಯಾನಿಕ್ ದ್ರವವನ್ನು 60ರಲ್ಲಿ, ಕಾರ್ಬೊನೇಟನ್ನು 25ರಲ್ಲಿ ಓಡಿಸಿ "ನಮ್ಮದೇ ಮೇಲು" ಅನ್ನುವ ಗ್ರಾಫ್ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಫಲಿತಾಂಶ ಸರಿ ಬರದಿದ್ದರೆ ಹೀಗೆ ಹುಡುಕಿ. ಸಿ/20ರಲ್ಲೂ ಸಾಮರ್ಥ್ಯ ಕಡಿಮೆಯೇ? ದ್ರವ ಒಳಗಿಳಿದಿಲ್ಲ. ಇನ್ನೊಂದು ದಿನ ಬಿಸಿಯಲ್ಲಿಡಿ. ಸಿ/20ರಲ್ಲಿ ಚೆನ್ನಾಗಿದೆ, ಸಿ/2ರಲ್ಲಿ ಕುಸಿಯುತ್ತದೆಯೇ? ಲಿಥಿಯಂ ಸಾಗಾಟ ಸಾಲದು. ಲೇಪ ತೆಳ್ಳಗೆ ಮಾಡಿ, ಉಪ್ಪು ಅಥವಾ ಬಿಸಿ ಏರಿಸಿ. ಪ್ರತಿ ಸೈಕಲ್‌ನಲ್ಲೂ ಚಾರ್ಜ್ ಹೆಚ್ಚು, ಡಿಸ್ಚಾರ್ಜ್ ಕಡಿಮೆ ಬರುತ್ತಿದ್ದರೆ ನೀರನ್ನೂ ಹ್ಯಾಲೈಡನ್ನೂ ಸಂಶಯಿಸಿ. ಚಾರ್ಜ್ ಮಾಡುವಾಗ ವೋಲ್ಟೇಜ್ ಗೆರೆ ನಡುಗುತ್ತಾ ಏರದೆ ನಿಂತರೆ ಲಿಥಿಯಂ ಕಡ್ಡಿ ಬೆಳೆದು ಒಳಗೇ ಶಾರ್ಟ್ ಆಗುತ್ತಿದೆ. ಆ ಸೆಲ್ ಬಿಟ್ಟುಬಿಡಿ. 4 ವೋಲ್ಟ್ ಮೇಲಿನ ವಸ್ತುಗಳಿಗೆ ಹೋಗುವುದಾದರೆ ಸ್ಟೀಲ್ ಡಬ್ಬಿಯೇ ಎಫ್‌ಎಸ್‌ಐಗೆ ಕರಗಬಹುದು, ಅಲ್ಯುಮಿನಿಯಂ ಲೇಪದ ಡಬ್ಬಿ ತರಿಸಿ.

ಉಪಕರಣಗಳನ್ನು ಅಸಿಟೋನ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಆ ತೊಳೆದದ್ದನ್ನು ಲೇಬಲ್ ಇರುವ ಬಾಟಲಿಯಲ್ಲಿ ತುಂಬಿಡಿ. ಸಿಂಕಿಗೆ ಬೇಡ. ಆವಿಯಾಗದ ದ್ರವ ನೀರಿಗೆ ಸೇರಿದರೆ ಅಲ್ಲೇ ಉಳಿಯುತ್ತದೆ, ಇಮಿಡಜೋಲಿಯಂ ಪಂಗಡದ ಹಲವು ದ್ರವಗಳು ನೀರಿನ ಜೀವಿಗಳಿಗೆ ವಿಷ. "ಹಸಿರು ದ್ರಾವಕ" ಎಂಬ ಹೆಸರು ಗಾಳಿಯ ಮಟ್ಟಿಗೆ ಸರಿ.

ಇದೇ ಕೈಯಲ್ಲಿ ಇನ್ನೇನು ಮಾಡಬಹುದು

ಗ್ರಾಫೈಟ್ ಇರುವ ಸೆಲ್‌ಗೆ ಟಿಎಫ್‌ಎಸ್‌ಐ ಮಾತ್ರ ಇರುವ ದ್ರವ ಹಾಕಬೇಡಿ. ಪೈರೊಲಿಡಿನಿಯಂ ಗ್ರಾಫೈಟಿನ ಪದರಗಳೊಳಗೆ ನುಗ್ಗಿ ಅದನ್ನು ಒಡೆಯುತ್ತದೆ. ಎಫ್‌ಎಸ್‌ಐ ಇದ್ದರೆ ಪದರ ಕಟ್ಟಿ ತಡೆಯುತ್ತದೆ. ಟಿಎಫ್‌ಎಸ್‌ಐ ಬೇಕೇ ಬೇಕೆಂದರೆ ವಿನೈಲಿನ್ ಕಾರ್ಬೊನೇಟ್ ಸ್ವಲ್ಪ ಸೇರಿಸಿ.

ದುಡ್ಡು ಸಾಲದಿದ್ದರೆ ಕಾರ್ಬೊನೇಟಿಗೆ ಮೂರನೇ ಒಂದು ಭಾಗ ಅಯಾನಿಕ್ ದ್ರವ ಬೆರೆಸುವುದೂ ಉಂಟು. ಬೆಂಕಿಯ ಭಯ ಸ್ವಲ್ಪ ಇಳಿಯುತ್ತದೆ, ದ್ರವ ತೆಳ್ಳಗಿರುತ್ತದೆ. ಕಾರ್ಖಾನೆಯ ಮಟ್ಟದಲ್ಲಿ ಮೊದಲು ನಿಲ್ಲುವುದು ಇಂಥ ಬೆರಕೆಯೇ ಅಂತ ನನ್ನ ಅನಿಸಿಕೆ.

ಎಲೆಕ್ಟ್ರೋಡಿನ ಪುಡಿ ಮಾಡಲೂ ಈ ದ್ರವ ಆಗುತ್ತದೆ. ಫ್ರಾನ್ಸಿನ ಅಮಿಯಾಂನಲ್ಲಿ ತರಾಸ್ಕೊ ಮತ್ತು ಜೊತೆಗಾರರು 2009ರಲ್ಲಿ ಅಯಾನಿಕ್ ದ್ರವದೊಳಗೇ, ಸುಮಾರು 250 ಡಿಗ್ರಿಯಲ್ಲಿ, ಎಲ್‌ಎಫ್‌ಪಿ ಹರಳು ಬೆಳೆಸಿ ತೋರಿಸಿದರು. ಒತ್ತಡದ ಪಾತ್ರೆ ಬೇಕಾಗಲಿಲ್ಲ. ದ್ರವವನ್ನು ತೊಳೆದು ಮತ್ತೆ ಬಳಸಲು ಸಾಧ್ಯವಾಗದಿದ್ದರೆ ಮಾತ್ರ ಖರ್ಚು ಕೈಗೆಟುಕುವುದಿಲ್ಲ.

ಅಲ್ಯುಮಿನಿಯಂ ಬ್ಯಾಟರಿಯದ್ದು ಬೇರೆಯೇ ದಾರಿ. ಸ್ಟ್ಯಾನ್‌ಫರ್ಡ್‌ನ ಹಾಂಗ್‌ಜೀ ದಾಯ್ ತಂಡ 2015ರಲ್ಲಿ ಬಳಸಿದ್ದು ಇಎಂಐಎಂ ಕ್ಲೋರೈಡ್ 1 ಮೋಲಿಗೆ ಅಲ್ಯುಮಿನಿಯಂ ಕ್ಲೋರೈಡ್ 1.3 ಮೋಲ್. ಇದು ಸ್ಟೀಲನ್ನೇ ತಿನ್ನುತ್ತದೆ. ಕಾಯಿನ್ ಸೆಲ್ ಬೇಡ, ಪೌಚ್ ಸೆಲ್ ಮಾಡಿ. ಬೆರೆಸುವಾಗ ಬಿಸಿ ಏಳುತ್ತದೆ, ಚಿಟಿಕೆ ಚಿಟಿಕೆಯಾಗಿ ಹಾಕಿ.

ಸೋಡಿಯಂಗೆ ಹೋಗುವುದು ಇವೆಲ್ಲಕ್ಕಿಂತ ಸುಲಭ. ದ್ರವ ಅದೇ ಪೈರ್13-ಎಫ್‌ಎಸ್‌ಐ, ಉಪ್ಪು ಸೋಡಿಯಂ ಎಫ್‌ಎಸ್‌ಐ. ಅಣುತೂಕ 203.1, ಹಾಗಾಗಿ 5 ಗ್ರಾಂ ದ್ರವಕ್ಕೆ 3.29 ಗ್ರಾಂ. ಲಿಥಿಯಂ ಲೋಹದ ಜಾಗಕ್ಕೆ ಸೋಡಿಯಂ ಲೋಹ, ಎಲ್‌ಎಫ್‌ಪಿ ಜಾಗಕ್ಕೆ ಸೋಡಿಯಂ ವನೇಡಿಯಂ ಫಾಸ್ಫೇಟ್ ಬರಲಿ, ಅದರ ಸೈದ್ಧಾಂತಿಕ ಸಾಮರ್ಥ್ಯ ಗ್ರಾಮಿಗೆ 117.6 ಮಿಲಿಆಂಪಿಯರ್-ಗಂಟೆ. ಒಣಗಿಸುವುದು, ನೆನೆಸುವುದು, 50 ಡಿಗ್ರಿ, ಗಾಜಿನ ನಾರು ಎಲ್ಲ ಹಾಗೇ ಇರಲಿ. ಕರೆಂಟ್ ಲೆಕ್ಕ ಮಾತ್ರ ಹೊಸ ಸಂಖ್ಯೆ ಹಾಕಿ ಮತ್ತೆ ಮಾಡಿ.